ಫ್ಲಷ್ ಮಾಡಿದ ನೀರು ಎಲ್ಲಿಗೆ ಹೋಗುತ್ತೆ?

ಬೆಂಗಳೂರಿನ ನೀರಿನ ಕಥೆಯನ್ನ ನಾವೆಲ್ಲ ಕಾವೇರಿಯಿಂದ ಶುರು ಮಾಡ್ತೀವಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. ಅದು ನಲ್ಲಿಗೆ ಬಂದ ಕೂಡಲೇ ಕಥೆ ಮುಗೀತು ಅಂದುಕೊಳ್ತೀವಿ. ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಷ್ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ನಮ್ಮ ಟೀಮಿನಲ್ಲಿ ಕೇಳಿದರೆ ಹೆಚ್ಚಿನವರದ್ದು ಒಂದೇ ಉತ್ತರ: "ಮೋರಿಗೆ."

ಕೋಲಾರದ ಹಳ್ಳಿಯವನಾದ ನನಗೆ ಮುಂದಿನ ಭಾಗವೂ ಗೊತ್ತು. ಅದರಲ್ಲಿ ಒಂದು ಪಾಲು ನಮ್ಮ ಕಡೆಯ ಕೆರೆಗಳಿಗೆ ಬರುತ್ತೆ.

ಇದಕ್ಕೆ ಕೆ.ಸಿ. ವ್ಯಾಲಿ ಯೋಜನೆ ಅಂತ ಹೆಸರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಪೈಪಿನಲ್ಲಿ ಕಳಿಸಿ, ಕೋಲಾರ ಮತ್ತು ಚಿಂತಾಮಣಿ ಕಡೆಯ 126 ಕೆರೆ ತುಂಬಿಸುವುದು ಗುರಿ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ಅಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆಯನ್ನ ಟಿವಿಯಲ್ಲಿ ನೋಡಿದ್ದ ನಮ್ಮ ಜನಕ್ಕೆ ಅದು ಏನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೂ ನಮ್ಮ ಚಿಕ್ಕಪ್ಪನ ಹತ್ತಿರ ಈ ಯೋಜನೆಯನ್ನ ಬೈಯೋಕೆ ಆಗಲ್ಲ.

"ನೀನು ಹೇಳೋದೆಲ್ಲ ಸರಿ ಕಣಪ್ಪಾ. ಆದ್ರೆ ಕೆರೇಲಿ ನೀರು ನೋಡಿ ಎಷ್ಟು ವರ್ಷ ಆಗಿತ್ತು ಹೇಳು? ಒಂದಾದ ಮೇಲೊಂದು ನಾಲ್ಕು ಬೋರು ಕೊರೆಸಿದೆ. ಧೂಳು ಬಂತು, ಸಾಲ ಬಂತು. ಈಗ ಮೋಟ್ರು ಹಾಕಿದ್ರೆ ನೀರು ಬತ್ತೈತೆ."

ಅವರ ಮಾತು ಸುಳ್ಳಲ್ಲ. ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಇದ್ದದ್ದು ಹಿರಿಯರು ಕಟ್ಟಿಸಿದ ಕೆರೆಗಳು. ಅವು ಬತ್ತಿದ ಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದವು, ಜೊತೆಗೆ ಫ್ಲೋರೈಡ್ ಮೇಲೆ ಬಂತು. ಕೆ.ಸಿ. ವ್ಯಾಲಿ ನೀರು ಬಂದ ಕೆರೆಗಳ ಸುತ್ತ ಅಂತರ್ಜಲ ಏರಿದೆ. ಹಾಳು ಬಿದ್ದಿದ್ದ ಹೊಲದಲ್ಲಿ ಮತ್ತೆ ಟೊಮ್ಯಾಟೊ, ಹಿಪ್ಪುನೇರಳೆ ಬಂದಿದೆ.

ಹಾಗಾದರೆ ತಕರಾರು ಏನು? ಕೊಳಚೆ ನೀರಿನ ಶುದ್ಧೀಕರಣಕ್ಕೆ ಮೂರು ಹಂತ. ಮೊದಲನೆಯದರಲ್ಲಿ ಕಸ, ಮಣ್ಣು ತೆಗೆಯುತ್ತಾರೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನ ತಿನ್ನುತ್ತವೆ. ಮೂರನೆಯದರಲ್ಲಿ ಇನ್ನಷ್ಟು ಸೋಸಿ, ಉಳಿದ ರಂಜಕ, ಸಾರಜನಕ, ರೋಗಾಣುಗಳನ್ನ ತೆಗೆಯುತ್ತಾರೆ. ಕೋಲಾರದ ಯೋಜನೆ ನಿಂತಿದ್ದು ಎರಡನೆಯದಕ್ಕೇ. ಕೆರೆಯಿಂದ ಯಾರೂ ನೇರವಾಗಿ ನೀರೆತ್ತುವಂತಿಲ್ಲ, ಮಣ್ಣಿನಲ್ಲಿ ಇಂಗುವಾಗ ಅದು ತಾನೇ ಸೋಸಿಕೊಳ್ಳುತ್ತೆ ಅನ್ನುವುದು ಸರ್ಕಾರದ ವಾದ. ಮೂರನೇ ಹಂತ ಬೇಕೇ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ಪಟ್ಟು ಹಿಡಿಯಿತು. 2018ರ ಜುಲೈನಲ್ಲಿ ಹೈಕೋರ್ಟು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟವು. ಎರಡೂ ಸಲ ತಡೆ ತೆರವಾಗಿ ನೀರು ಮತ್ತೆ ಹರಿಯಿತು.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಕೊನೆಯ ಟೆಸ್ಟಿಂಗ್ ಬಿಟ್ಟು ನೇರ ಪ್ರೊಡಕ್ಷನ್‌ಗೆ ಹಾಕಿದ ಹಾಗೆ. ಬಗ್ ಇದ್ದರೆ ಯೂಸರ್ ಹೇಳ್ತಾನೆ ಬಿಡಿ ಅಂತ. ವ್ಯತ್ಯಾಸ ಏನಂದ್ರೆ, ಮಣ್ಣಿಗೂ ಅಂತರ್ಜಲಕ್ಕೂ ಇಳಿದದ್ದನ್ನ ರೋಲ್‌ಬ್ಯಾಕ್ ಮಾಡೋಕಾಗಲ್ಲ.

ನನ್ನನ್ನ ಕಾಡುವುದು ನೊರೆಗಿಂತ ಹೆಚ್ಚಾಗಿ ಒಂದು ಮಾತು: "ಏನೂ ಇಲ್ಲದಿದ್ದಕ್ಕಿಂತ ಇದೇ ವಾಸಿ ಅಲ್ವಾ?" ಪ್ರಶ್ನೆ ಕೇಳಿದವರಿಗೆಲ್ಲ ಸಿಗುವ ಉತ್ತರ ಇದು. ಬಾಯಾರಿದವನ ಮುಂದೆ ಲೋಟ ಹಿಡಿದು, ತೊಳೆದಿದ್ದೀರಾ ಅಂತ ಕೇಳಿದರೆ ಉಪಕಾರ ಸ್ಮರಣೆ ಇಲ್ಲದವನು ಅಂದ ಹಾಗೆ. ಚಿಕ್ಕಪ್ಪ ಸುಮ್ಮನಿರುವುದು ನೀರು ಚೆನ್ನಾಗಿದೆ ಅಂತಲ್ಲ, ಕೇಳಿದರೆ ನಿಲ್ಲಿಸಿಬಿಟ್ಟಾರು ಅನ್ನುವ ಭಯಕ್ಕೆ. ಕೋರ್ಟಿನ ತಡೆ ಬಂದಾಗ ಊರಿನಲ್ಲಿ ಎಷ್ಟೋ ಜನ ಸಿಟ್ಟಾಗಿದ್ದು ಸರ್ಕಾರದ ಮೇಲಲ್ಲ, ಕೇಸು ಹಾಕಿದವರ ಮೇಲೆ.

ಇದು ಕೋಲಾರದವರ ತಲೆನೋವು ಅಂದುಕೊಳ್ಳಬೇಡಿ. ಆ ನೀರಿನಲ್ಲಿ ಬೆಳೆದ ಟೊಮ್ಯಾಟೊ, ಆ ಹುಲ್ಲು ತಿಂದ ಹಸುವಿನ ಹಾಲು ಬರುವುದು ಬೆಂಗಳೂರಿಗೇ. ಕಳಿಸಿದ್ದು ಹತ್ತು ನಿಮಿಷದ ಡೆಲಿವರಿಯಲ್ಲಿ ವಾಪಸ್ ಬರುತ್ತೆ.

ನೀರನ್ನ ಮರುಬಳಕೆ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಇಷ್ಟು ದೊಡ್ಡ ನಗರಕ್ಕೆ, ಇಷ್ಟು ಒಣಗಿದ ಜಿಲ್ಲೆಗೆ ಅದು ಬೇಕೇ ಬೇಕು. ನಾನು ಕೇಳುತ್ತಿರುವುದು ಆ ಮೂರನೇ ಹಂತ ಮಾತ್ರ. ಅದಕ್ಕೆ ದುಡ್ಡು ಬೇಕು, ನಿಜ. ನಮ್ಮ ನೀರಿನ ಬಿಲ್ಲಿನಲ್ಲಿ ಒಳಚರಂಡಿಗೆ ಅಂತ ಒಂದು ಸಾಲು ಇರುತ್ತೆ, ಯಾರೂ ಓದಲ್ಲ. ಅದು ಕೊಳೆಯನ್ನ ನಮ್ಮ ಮನೆಯಿಂದ ಆಚೆ ಹಾಕುವ ಬೆಲೆ. ಅದನ್ನ ಪೂರ್ತಿ ತೊಳೆದು ಕಳಿಸುವ ಬೆಲೆಯನ್ನೂ ಅಲ್ಲೇ ಸೇರಿಸಿ ಅಂತ ಕೇಳಬೇಕಾದವರು ನಾವು. ಕೇಳಿದ್ದಕ್ಕೆ ನಮ್ಮ ನಲ್ಲಿಯನ್ನ ಯಾರೂ ನಿಲ್ಲಿಸಲ್ಲವಲ್ಲ.