ಬಾಗಿಲು ತಟ್ಟುವ ಹಬ್ಬ

ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ದಿನಗಳಲ್ಲಿ ಕ್ರಿಸ್ಮಸ್ ಎಂದರೆ ನನಗೆ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳ ಮೇಲಿನ ದೀಪಗಳು, ಒಳಗಿನ ಗೋದಲಿಯ ಬೊಂಬೆಗಳು ಮತ್ತು ನೆರೆಮನೆಯವರು ಕೊಟ್ಟುಕಳುಹಿಸುತ್ತಿದ್ದ ಕೇಕು, ಇಷ್ಟೆ. ನವರಾತ್ರಿಯಲ್ಲಿ ನಾವು ಬೊಂಬೆ ಕೂರಿಸುವಂತೆ ಅವರೂ ಡಿಸೆಂಬರಿನಲ್ಲಿ ಕೂರಿಸುತ್ತಾರೆ ಎಂದುಕೊಂಡಿದ್ದೆ. ಐಚ್ಛಿಕ ಕನ್ನಡದ ತರಗತಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಕಾವ್ಯವನ್ನು ಓದಿ ಕಣ್ಣು ತೇವಗೊಂಡದ್ದುಂಟು. ಆದರೆ ಅದು ಏಸುವಿನ ಕೊನೆಯ ದಿನದ ಕಥೆ. ಆ ಮಹಾತ್ಮನ ಸಾವನ್ನು ಪಠ್ಯದಲ್ಲಿ ಓದಿದವಳು ಹುಟ್ಟಿನ ಅರ್ಥವನ್ನು ತಿಳಿದದ್ದು ಬಹು ವರ್ಷಗಳ ಅನಂತರ, ಮೈಸೂರಿನಿಂದ ಸಾವಿರಾರು ಮೈಲು ದೂರದ ಈ ಕ್ಯಾಂಪ್‌ಬೆಲ್ ಊರಿನಲ್ಲಿ.

ಸ್ಯಾನ್ ಹೋಸೆ ನಗರಕ್ಕೆ ಅಂಟಿಕೊಂಡಿರುವ ನಮ್ಮದು ಚಿಕ್ಕ ಊರು. ಒಂದು ಕಾಲದಲ್ಲಿ ಇಲ್ಲೆಲ್ಲ ಏಪ್ರಿಕಾಟ್ ಮತ್ತು ಪ್ರೂನ್ ಹಣ್ಣಿನ ತೋಟಗಳಿದ್ದವು. ಹಣ್ಣು ಒಣಗಿಸುವುದು, ಡಬ್ಬಿಗಳಲ್ಲಿ ತುಂಬುವುದು ಜನರ ಜೀವನೋಪಾಯವಾಗಿತ್ತು. ಹಣ್ಣಿನ ಡಬ್ಬಿಗಳ ಉದ್ಯಮಿ ಏನ್ಸ್ಲಿಯವರು 1925ರಲ್ಲಿ ಕಟ್ಟಿಸಿದ ಮನೆಯನ್ನು 1990ರಲ್ಲಿ ಇಡಿಯಾಗಿ ಸಾಗಿಸಿ ತಂದು ಊರ ನಡುವೆ ನಿಲ್ಲಿಸಿದ್ದಾರೆ. ಮನೆಯೇ ಸ್ಥಳ ಬದಲಿಸುವ ಊರಿನಲ್ಲಿ ಮನುಷ್ಯರು ವಲಸೆ ಬರುವುದೇನು ದೊಡ್ಡದು! ಪಕ್ಕದ ಮಹಾನಗರದ ಹೆಸರಾದರೂ ಏನು? 1777ರಲ್ಲಿ ಸ್ಪೇನಿನವರು ಇಟ್ಟ ಸ್ಯಾನ್ ಹೋಸೆ ಎಂಬುದರ ಅರ್ಥ ಸಂತ ಯೋಸೇಫ, ಏಸುವಿನ ಸಾಕುತಂದೆ. ತುಂಬು ಗರ್ಭಿಣಿಯಾದ ಮಡದಿಯನ್ನು ಕರೆದುಕೊಂಡು ಒಂದು ರಾತ್ರಿಯ ಆಸರೆಗಾಗಿ ಅಲೆದ ಬಡ ಬಡಗಿ.

2001ರ ಡಿಸೆಂಬರ್ ಅನ್ನು ನಾನು ಮರೆಯುವಂತಿಲ್ಲ. ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ತಿಂಗಳ ಕೊನೆಯವರೆಗೆ ಮಾತ್ರ ಕೆಲಸವೆಂದು ನನ್ನ ಯಜಮಾನರಿಗೆ ತಿಳಿಸಿದರು. ಎಚ್-1ಬಿ ವೀಸಾದವರಿಗೆ ಕೆಲಸ ಹೋಯಿತೆಂದರೆ ನಿಂತ ನೆಲವೇ ಹೋದಂತೆ. ಮಗಳಿಗೆ ಆಗ ನಾಲ್ಕು ವರ್ಷ. ಹಗಲು ಅವಳೊಂದಿಗೆ ನಗುತ್ತಿದ್ದೆ. ಅವಳು ಮಲಗಿದ ಮೇಲೆ ಸೂಟ್‌ಕೇಸುಗಳನ್ನು ತೆಗೆದು, ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ನೋಡುತ್ತಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮೆಕ್ಸಿಕೋ ಮೂಲದ ವೃದ್ಧೆಯೊಬ್ಬರಿದ್ದರು. ಮೊಮ್ಮಕ್ಕಳು ಅವರನ್ನು ‘ಅಬುವೇಲಾ’ ಎಂದು ಕರೆಯುತ್ತಿದ್ದರು. ನಮಗೆ ಅವರು ಅಜ್ಜಿ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಡಿಸೆಂಬರ್ 16ರ ಸಂಜೆ ಆಕೆ ಬಂದು, ನನ್ನ ಮುಖವನ್ನು ನೋಡಿ, ಏನನ್ನೂ ಕೇಳದೆ ಮಗಳ ಕೈಹಿಡಿದು ನಮ್ಮನ್ನು ಕೆಳಗೆ ಕರೆದೊಯ್ದರು. ಅಂದಿನಿಂದ ಒಂಬತ್ತು ರಾತ್ರಿ ‘ಪೊಸಾದ’. ಆ ಮಾತಿನ ಅರ್ಥ ತಂಗುದಾಣ, ನಮ್ಮ ಛತ್ರ. ನಮ್ಮ ಧನುರ್ಮಾಸವೂ ಅದೇ ದಿನಗಳಲ್ಲಿ ಆರಂಭವಾಗುತ್ತದೆ. ಬೆಳಗ್ಗೆ ಹುಗ್ಗಿ ಮಾಡಿ ದೇವರಿಗೆ ನೈವೇದ್ಯ ಮಾಡಿದ್ದೆ. ಆ ಸಂಜೆ ದೇವರು ಬೇರೊಂದು ಬಾಗಿಲಿನಿಂದ ಬಂದ.

ಕೆಲವರು ಕೈಯಲ್ಲಿ ಮೇಣದ ಬತ್ತಿ ಹಿಡಿದು ಚಳಿಯಲ್ಲಿ ಹೊರಗೆ ನಿಂತರು. ಉಳಿದವರು ಒಳಗಿದ್ದು ಬಾಗಿಲು ಮುಚ್ಚಿದರು. ಹೊರಗಿನವರು ಹಾಡಿನಲ್ಲಿ ಆಸರೆ ಬೇಡುತ್ತಾರೆ. ಒಳಗಿನವರು ಹಾಡಿನಲ್ಲೇ ನಿರಾಕರಿಸುತ್ತಾರೆ. ಮತ್ತೆ ಬೇಡಿಕೆ, ಮತ್ತೆ ನಿರಾಕರಣೆ. ಕೊನೆಗೆ ಬಂದವರು ಯಾರೆಂದು ತಿಳಿದಾಗ ಬಾಗಿಲು ತೆರೆಯುತ್ತದೆ, ಎಲ್ಲರೂ ಒಳಗೆ ನುಗ್ಗುತ್ತಾರೆ. ನನ್ನನ್ನು ಹೊರಗಿನವರ ಗುಂಪಿನಲ್ಲಿ ನಿಲ್ಲಿಸಿದ್ದರು. ಸ್ಪ್ಯಾನಿಷ್ ಭಾಷೆಯ ಒಂದಕ್ಷರ ಬಾರದಿದ್ದರೂ ಹಾಡಿನ ಪ್ರತಿಯೊಂದು ಮಾತೂ ನನಗೆ ಅರ್ಥವಾಯಿತು. ಬಾಗಿಲು ತೆರೆದಾಗ ನಾನು ಅಳುತ್ತಿದ್ದೆ. ಅಜ್ಜಿ ಬಿಸಿಬಿಸಿ ಹಣ್ಣಿನ ಪಾನಕವನ್ನು ನನ್ನ ಕೈಗಿತ್ತು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬನ್ನು ಮಗಳಿಗೆ ಬಿಡಿಸಿಕೊಟ್ಟರು. ನಾವು ಸಸ್ಯಾಹಾರಿಗಳೆಂದು ಅದನ್ನು ಬೇರೆಯಾಗಿಯೇ ಮಾಡಿದ್ದರು.

ತಿಂಗಳು ಮುಗಿಯಲು ಮೂರು ದಿನವಿರುವಾಗ ಯಜಮಾನರಿಗೆ ಬೇರೊಂದು ಕೆಲಸ ದೊರೆಯಿತು. ಸೂಟ್‌ಕೇಸುಗಳು ಮತ್ತೆ ಅಟ್ಟ ಸೇರಿದವು.

ಆ ಬಳಿಕ ಈ ಹಬ್ಬದ ಮೂಲವನ್ನು ತಿಳಿಯಬೇಕೆಂಬ ಹಂಬಲದಿಂದ ಊರ ಗ್ರಂಥಾಲಯಕ್ಕೆ ಹೋಗತೊಡಗಿದೆ. ಓದಿದಷ್ಟೂ ಅಚ್ಚರಿಯಾಯಿತು. ನಾಲ್ಕು ಸುವಾರ್ತೆಗಳ ಪೈಕಿ ಏಸುವಿನ ಜನನದ ಕಥೆ ಇರುವುದು ಮತ್ತಾಯ ಮತ್ತು ಲೂಕ ಎರಡರಲ್ಲಿ ಮಾತ್ರ. ಹುಟ್ಟಿದ ದಿನಾಂಕ ಎಲ್ಲಿಯೂ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ನ್ನು ಜನ್ಮದಿನವೆಂದು ಹೇಳುವ ಹಳೆಯ ದಾಖಲೆ 354ರಲ್ಲಿ ಸಂಕಲಿತವಾದ ಒಂದು ಪಂಚಾಂಗ. ಆ ದಿನವನ್ನೇ ಏಕೆ ಆರಿಸಿದರೆಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಹಗಲು ಬೆಳೆಯತೊಡಗುವ ಉತ್ತರಾಯಣ ಕಾಲದ ಸೂರ್ಯೋತ್ಸವವೇ ಕಾರಣವೆಂದು ಕೆಲವರು. ಮಾರ್ಚ್ 25ರಂದು ಗರ್ಭಧಾರಣೆಯಾಯಿತೆಂಬ ನಂಬಿಕೆಗೆ ಒಂಬತ್ತು ತಿಂಗಳು ಕೂಡಿಸಿದರೆಂದು ಇತರರು. ಆರ್ಮೇನಿಯಾದ ಚರ್ಚು ಇಂದಿಗೂ ಜನವರಿ 6ರಂದೇ ಈ ಹಬ್ಬವನ್ನು ಆಚರಿಸುತ್ತದೆ. ಗೋದಲಿಯ ದೃಶ್ಯವನ್ನು ಜನರ ಕಣ್ಣೆದುರು ತಂದವರು ಇಟಲಿಯ ಸಂತ ಫ್ರಾನ್ಸಿಸ್. 1223ರಲ್ಲಿ, ಗ್ರೆಚ್ಚೊ ಎಂಬ ಹಳ್ಳಿಯಲ್ಲಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ. ಇದೇ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡವಿತ್ತು! ಒಕ್ಕೂಟ ಸರ್ಕಾರ ರಜೆ ಘೋಷಿಸಿದ್ದು 1870ರಲ್ಲಿ.

ದಿನಾಂಕ ಬದಲಾಗಿದೆ, ಆಚರಣೆ ಬದಲಾಗಿದೆ. ಬದಲಾಗದೆ ಉಳಿದಿರುವುದು ಕಥೆಯೊಂದೇ. ಛತ್ರದಲ್ಲಿ ಜಾಗ ಸಿಗದೆ ತಾಯಿ ತನ್ನ ಕೂಸನ್ನು ದನದ ಗೋದಲಿಯಲ್ಲಿ ಮಲಗಿಸಿದಳು. ಹೆರೋದ ರಾಜನ ಭಯಕ್ಕೆ ಆ ಕೂಸನ್ನೆತ್ತಿಕೊಂಡು ದಂಪತಿಗಳು ಈಜಿಪ್ಟಿಗೆ ಓಡಿದರು. ಸೆರೆಮನೆಯಲ್ಲಿ ಹುಟ್ಟಿ, ಕಂಸನ ಭಯಕ್ಕೆ ಇರುಳಿನಲ್ಲಿ ಯಮುನೆಯನ್ನು ದಾಟಿದ ಕೃಷ್ಣನನ್ನು ಬಲ್ಲ ನಮಗೆ ಇದು ಪರಕೀಯ ಕಥೆಯೆ? ಎರಡೂ ಕಡೆ ದೇವರು ಪರರ ಮನೆಯ ಆಸರೆಯಲ್ಲಿ ಬದುಕಿದ.

ಇಷ್ಟಕ್ಕೇ ಮುಗಿಸಿದ್ದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯವೇ ಉಳಿಯುತ್ತಿತ್ತು. ಆದರೆ ಹೇಳಬೇಕಾದದ್ದು ಇನ್ನೂ ಇದೆ.

2011ರ ಡಿಸೆಂಬರ್. ಆ ವೇಳೆಗೆ ನಮಗೆ ಸ್ವಂತ ಮನೆಯಾಗಿತ್ತು. ಅಜ್ಜಿ ಮಗನ ಊರಿಗೆ ಹೋಗುವಾಗ ಕೊಟ್ಟ ಗೋದಲಿಯ ಬೊಂಬೆಗಳನ್ನು ಕಿಟಕಿಯ ಬಳಿ ಜೋಡಿಸುತ್ತಿದ್ದೆ. ಫೋನ್ ಬಂದಿತು. ಓದಲು ಹೊಸದಾಗಿ ಬಂದ ಧಾರವಾಡದ ಕಡೆಯ ಹುಡುಗಿ. ಯಾರೋ ಪರಿಚಿತರು ನಂಬರ್ ಕೊಟ್ಟಿದ್ದರಂತೆ. “ಅಕ್ಕಾರ, ಒಂದ್ ಹತ್ತು ದಿನ ಇರಲಿಕ್ಕೆ ನಿಮ್ಮನ್ಯಾಗ ಜಾಗಾ ಆಗ್ತದೇನ್ರಿ?” ಎಂದು ಅಳುಕುತ್ತ ಕೇಳಿದಳು. ಹೊಸ ಕಾರ್ಪೆಟ್ಟು, ಮಗಳ ಪರೀಕ್ಷೆ, ಗುರುತಿಲ್ಲದ ಹುಡುಗಿ, ಎಲ್ಲವೂ ಕ್ಷಣದಲ್ಲಿ ಮನಸ್ಸಿನಲ್ಲಿ ಹಾದವು. “ಈ ಸಲ ಆಗುವುದಿಲ್ಲಮ್ಮ, ಮನೆಗೆ ನೆಂಟರು ಬರುತ್ತಿದ್ದಾರೆ” ಎಂದೆ. ಯಾವ ನೆಂಟರೂ ಬರುತ್ತಿರಲಿಲ್ಲ.

ಫೋನಿಟ್ಟು ತಿರುಗಿದರೆ ಕೈಯಲ್ಲಿ ಯೋಸೇಫನ ಬೊಂಬೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಾನೇ ಫೋನ್ ಮಾಡಿ, ಬಂದುಬಿಡು ಎಂದೆ. “ಇರಲಿ ಬಿಡ್ರಿ ಅಕ್ಕಾರ, ಬ್ಯಾರೆ ಕಡೆ ಸಿಕ್ತು. ನೆಂಟರು ಬಂದ್ರೇನ್ರಿ?” ಎಂದು ಆಕೆ ಅಕ್ಕರೆಯಿಂದಲೇ ಕೇಳಿದಳು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಅಂದಿನಿಂದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಾಸಿಗೆಯನ್ನು ಸದಾ ಸಿದ್ಧವಾಗಿ ಇಟ್ಟಿರುತ್ತೇವೆ. ವಾರ ಇದ್ದವರಿದ್ದಾರೆ, ಮೂರು ತಿಂಗಳು ಇದ್ದವರಿದ್ದಾರೆ. ಕಾರ್ಪೆಟ್ಟಿನ ಮೇಲೆ ಸಾರು ಚೆಲ್ಲಿದವರೂ ಇದ್ದಾರೆ. ಇದು ದೊಡ್ಡಸ್ತಿಕೆಯ ಮಾತಲ್ಲ. ತೀರಿಸದೆ ಉಳಿದ ಒಂದು ಸಾಲದ ಬಡ್ಡಿ ಅಷ್ಟೆ.

ಸಹೃದಯರೆ, ಎರಡು ವರ್ಷಕ್ಕೊಮ್ಮೆ ನಾವೆಲ್ಲ ಹೀಗೆ ಕೂಡಿದಾಗ ಅತಿಥಿ ದೇವೋಭವ ಎನ್ನುತ್ತೇವೆ. ಮುಂದಿನ ಡಿಸೆಂಬರಿನಲ್ಲಿ ಮನೆಯ ಸೂರಿಗೆ ದೀಪದ ಸರ ಕಟ್ಟುವವರು ಕಟ್ಟಿ, ಕಟ್ಟದವರು ಬಿಡಿ. ಆದರೆ ಯಾರಾದರೂ ಅಳುಕುತ್ತ ಬಾಗಿಲು ತಟ್ಟಿದರೆ, ‘ನೆಂಟರು ಬರುತ್ತಿದ್ದಾರೆ’ ಎನ್ನುವ ಮುನ್ನ ಒಂದು ಗಳಿಗೆ ತಡೆಯಿರಿ. ಬಂದು ನಿಂತವರೇ ಆ ನೆಂಟರಿರಬಹುದು.