ಒಂದೇ ಸಲಕ್ಕೋ, ಮೂರು ಸಲಕ್ಕೋ?

ಹಲ್ಲುನೋವಿನ ಹಗಲು ಹೇಗೋ ಕಳೆಯುತ್ತದೆ; ರಾತ್ರಿ ಕಳೆಯುವುದಿಲ್ಲ. ನಮ್ಮ ವನದುರ್ಗದಲ್ಲಿ ಇದಕ್ಕೆ ಲವಂಗದಿಂದ ತಂಬಾಕಿನವರೆಗೆ ಹತ್ತು ಮದ್ದುಗಳಿವೆ. ಅವೆಲ್ಲ ಸೋತ ಮೇಲೆ ಶಹಾಪುರದ ಬಸ್ಸು.

ಅವ್ವನೂ ಹಾಗೆಯೇ ಹೋಗಿದ್ದಳು. ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಯಿತು. ಡಾಕ್ಟರು ಹಲ್ಲು ಕೊರೆದು, ಬೇರಿನ ನಾಳ ತೊಳೆದು, ಔಷಧ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿ, ಇನ್ನೂ ಎರಡು ಸಲ ಬರಬೇಕೆಂದರು. ಊರು ಮುಟ್ಟಿದ ಎರಡು ದಿನಕ್ಕೆ ನೋವು ಮಾಯ. ಹೊಲದಲ್ಲಿ ಹತ್ತಿ ಬಿಡಿಸುವ ಕಾಲ. "ನೋವೇ ಇಲ್ಲಂದ ಮ್ಯಾಲ ಯಾಕ ಹೋಗ್ಲೆಪ್ಪಾ? ಒಂದಿನದ ಕೂಲಿ ಹೋಗ್ತದ" ಎಂದಳು. ನಾನೂ ಒತ್ತಾಯಿಸಲಿಲ್ಲ.

ಕೆಲವೇ ತಿಂಗಳಲ್ಲಿ ಸಿಮೆಂಟು ಉದುರಿತು, ಹಲ್ಲು ಸೀಳಿತು, ಕೆನ್ನೆ ಊದಿತು. ಕೊನೆಗೆ ಕೀಳಿಸಬೇಕಾಯಿತು. ಈಗ ಅವ್ವ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವಾಗಲೆಲ್ಲ ನನ್ನ ಕಣ್ಣು ತಟ್ಟೆಗೆ ಇಳಿಯುತ್ತದೆ.

ಆದ್ದರಿಂದ ನನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ: "ಡಾಕ್ಟ್ರೇ, ಒಂದೇ ಸಲಕ್ಕ ಮುಗೀತದೇನ್ರಿ?"

ಅವರು ಎಕ್ಸ್‌ರೇ ಹಿಡಿದು ಸಮಾಧಾನದಿಂದ ತಿಳಿಸಿದರು. ಹಲವು ಭೇಟಿಯ ಪದ್ಧತಿಯಲ್ಲಿ ನಾಳದೊಳಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಉಳಿದ ಕ್ರಿಮಿಗಳು ಸಾಯಲೆಂದು ಕೆಲವು ದಿನ ಬಿಡುತ್ತಾರೆ. ಕೀವು ನಿಲ್ಲದೆ ಸೋರುತ್ತಿದ್ದರೆ ಅವಸರ ಸಲ್ಲದು. ಒಂದೇ ಭೇಟಿಯಲ್ಲಾದರೆ ತೊಳೆದ ಕೂಡಲೇ ಗಟ್ಟಾಪರ್ಚಾ ತುಂಬಿ ಮುಚ್ಚುತ್ತಾರೆ; ತಾತ್ಕಾಲಿಕ ಸಿಮೆಂಟಿನ ಸಂದಿಯಿಂದ ನಡುವೆ ಕ್ರಿಮಿ ನುಸುಳುವ ಭಯವಿಲ್ಲ.

ಹಾಗಾದರೆ ಯಾವುದು ಮೇಲು? ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2022ರಲ್ಲಿ ಇಂಥ 47 ಅಧ್ಯಯನಗಳನ್ನು ಪರಿಶೀಲಿಸಿತು. ಒಂದಕ್ಕಿಂತ ಇನ್ನೊಂದು ಮೇಲೆನ್ನಲು ಆಧಾರ ಸಿಗಲಿಲ್ಲ. ಒಂದೇ ಸಲಕ್ಕೆ ಮುಗಿಸಿಕೊಂಡವರಲ್ಲಿ ಮೊದಲ ವಾರ ನೋವೆಂದವರು ತುಸು ಹೆಚ್ಚು, ಅಷ್ಟೆ.

ಪುಸ್ತಕದ ತಕ್ಕಡಿ ಸಮವಾಗಿದ್ದರೆ ಊರಿನ ತಕ್ಕಡಿ ಸಮವಿಲ್ಲ. ಪೇಟೆಯವರಿಗೆ ಮೂರು ಭೇಟಿಯೆಂದರೆ ಮೂರು ಸಂಜೆ. ನಮಗೆ ಮೂರು ದಿನದ ಕೂಲಿ, ಆರು ಸಲದ ಬಸ್ಸು. ಒಂದು ಭೇಟಿ, ಮೂರು ಭೇಟಿ ಎರಡೂ ಸರಿಯೇ. ಅರ್ಧಕ್ಕೆ ಬಿಟ್ಟದ್ದು ಮಾತ್ರ ತಪ್ಪು. ನೋವು ಹೋದೊಡನೆ ರೋಗ ಹೋಯಿತೆಂದು ನಂಬುವ ನಮ್ಮಂಥವರನ್ನು "ಮತ್ತೆ ಬರಲು ಆಗುತ್ತದೆಯೇ?" ಎಂದು ಡಾಕ್ಟರು ಮೊದಲೇ ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು.

ನನ್ನದು ಒಂದೇ ಸಲಕ್ಕೆ ಮುಗಿಯಿತು. ಎರಡು ರಾತ್ರಿ ಮಾತ್ರೆ ನುಂಗಿದೆ. ಮೂರನೆಯ ದಿನ ಅವ್ವ ಕೇಳಿದಳು, "ಎಲ್ಲಾ ಮುಗೀತೇನೋ?"

"ಕ್ಯಾಪ್ ಹಾಕಸ್ಲಿಕ್ಕ ಇನ್ನೊಮ್ಮೆ ಹೋಗ್ಬೇಕವ್ವ."

"ಹೋಗು. ಹತ್ತಿ ಅಲ್ಲೇ ಇರ್ತದ. ಹಲ್ಲು ಇರಂಗಿಲ್ಲ."