ಕಪಿಲೆಯ ದಂಡೆಯ ಎರಡು ಹಸಿರು
ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ ತಿ. ನರಸೀಪುರದತ್ತ ಹೊರಟರೆ ಕಪಿಲೆಯ ನೀರುಂಡ ಬಯಲು ಜೊತೆಗೂಡುತ್ತದೆ. ಒಂದೆಡೆ ಭತ್ತ, ಇನ್ನೊಂದೆಡೆ ಕಬ್ಬು. ನೋಡುವವರಿಗೆ ಎರಡೂ ಹಸಿರೇ. ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಳ್ಳುವ ಬಗೆ ಬೇರೆ ಬೇರೆ.

ಎಲೆಯಲ್ಲಿ ಈ ಅನಿಲವನ್ನು ಹಿಡಿಯುವ ಕಿಣ್ವ ರುಬಿಸ್ಕೋ. ಭತ್ತದಲ್ಲಿ ಅದು ಆಗಾಗ ಆಮ್ಲಜನಕವನ್ನೂ ಹಿಡಿದು ಶ್ರಮ ವ್ಯರ್ಥ ಮಾಡುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಈ ನಷ್ಟ ತಗ್ಗಿ ದ್ಯುತಿಸಂಶ್ಲೇಷಣೆ ಚುರುಕಾಗುತ್ತದೆ. ಕಬ್ಬು ಹಾಗಲ್ಲ. ಅದು ಅನಿಲವನ್ನು ಮೊದಲೇ ಆ ಕಿಣ್ವದ ಸುತ್ತ ಕೂಡಿಹಾಕಿಕೊಳ್ಳುತ್ತದೆ. ಹೀಗಾಗಿ, ನೀರು ಸಾಕಷ್ಟಿದ್ದಾಗ, ಹೊರಗಿನ ಹೆಚ್ಚಳದಿಂದ ಅದಕ್ಕೆ ಅಷ್ಟಾಗಿ ಲಾಭವಿಲ್ಲ.

1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ಅನಿಲ ಇಂದು 420ನ್ನು ದಾಟಿದೆ. ಹಾಗಾದರೆ ಭತ್ತದ ಕಣಜ ತುಂಬೀತೇ? ಅಷ್ಟು ಸುಲಭವಲ್ಲ. ಹೂ ಬಿಡುವ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ಮೀರಿದರೆ ಕಾಳು ಜೊಳ್ಳಾಗುತ್ತದೆ. ಇಳುವರಿ ಹೆಚ್ಚಿದರೂ ಅಕ್ಕಿಯಲ್ಲಿ ಪ್ರೋಟೀನು, ಸತು ಕಡಿಮೆಯಾಗುವುದನ್ನು ಪ್ರಯೋಗಗಳು ತೋರಿಸಿವೆ.

ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ ನಿಂತಾಗ ಮಕ್ಕಳಿಗೆ ಈ ಮಾತು ಹೇಳಿ: ಗಾಳಿಯೊಂದೇ ಬೆಳೆ ಕೊಡುವುದಿಲ್ಲ. ನೀರು, ಹದವಾದ ಬಿಸಿಲು, ಮಣ್ಣಿನ ಸಾರ ಕೂಡಿದರೆ ಮಾತ್ರ ತಟ್ಟೆಗೆ ಅನ್ನ.